ನಿವೇಶನಗಳು ಹೆಚ್ಚುತ್ತಿವೆ, ಊರು ಬೆಳೆಯುತ್ತಿದೆಯೇ?

(ಕೋಲಾರದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ನಗರಗಳ ಬೆಳವಣಿಗೆ. ಮಸೀದಿಯ ಜಮಾಅತ್‌ಗೂ ನಗರ ಯೋಜನೆಗೂ ಏನು ಸಂಬಂಧ ಎಂದು ಕೆಲವರಿಗಾದರೂ ಅನಿಸಿರಬಹುದು. ನಮ್ಮ ಸಭೆಗಳಲ್ಲಿ ನಮಾಝ್, ಝಕಾತ್, ವರದಕ್ಷಿಣೆಯ ಪಿಡುಗು, ಮಕ್ಕಳ ಶಿಕ್ಷಣ ಇವೆಲ್ಲ ಚರ್ಚೆಗೆ ಬರುತ್ತವೆ. ಚರಂಡಿ, ರಾಜಕಾಲುವೆ, ಬಡಾವಣೆಯ ನಕ್ಷೆ ಇವು ಬರುವುದಿಲ್ಲ. ಆದರೆ ನಮ್ಮ ಕುಟುಂಬಗಳ ಗಳಿಕೆ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಗಮನಿಸಿ. ಗಲ್ಫ್‌ನಲ್ಲಿ ದುಡಿದವನ ಹತ್ತು ವರ್ಷದ ಉಳಿತಾಯ, ಗ್ಯಾರೇಜು ನಡೆಸುವವನ ಚೀಟಿ ಹಣ, ತಾಯಂದಿರ ಒಡವೆ, ಎಲ್ಲವೂ ಕೊನೆಗೆ ಸೇರುವುದು ಮೂವತ್ತು-ನಲವತ್ತರ ಒಂದು ಸೈಟಿಗೆ. ಒಂದು ಸಾಮಾನ್ಯ ಕುಟುಂಬ ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವ್ಯವಹಾರ ಅದು. ಆ ಸೈಟಿಗೆ ನೀರು ಬರುತ್ತದೆಯೇ, ಅದರ ಚರಂಡಿ ಎಲ್ಲಿಗೆ ಹರಿಯುತ್ತದೆ, ಆ ನೆಲ ಮೊದಲು ಏನಾಗಿತ್ತು ಎಂದು ಕೇಳದೆ ನಾವು ಅದನ್ನು ಕೊಳ್ಳುತ್ತಿದ್ದೇವೆ. ಆದ್ದರಿಂದ ಇದು ನಮ್ಮ ಮನೆಯ ವಿಷಯ, ನಮ್ಮ ದೀನಿನ ವಿಷಯವೂ ಹೌದು.

ಕೆರೆಗಳು ಕಟ್ಟಿದ ಊರುಗಳು

ನಮ್ಮ ನಾಲ್ಕು ಊರುಗಳೂ ನಿನ್ನೆ ಮೊನ್ನೆಯವಲ್ಲ. ಕೋಲಾರವು ಗಂಗರ ಕಾಲದಲ್ಲಿ ಕುವಲಾಲವೆಂಬ ಹೆಸರಿನ ರಾಜಧಾನಿಯಾಗಿತ್ತು. ಹೈದರ್ ಅಲಿ ಜನಿಸಿದ್ದು ಇಲ್ಲಿಗೆ ಸಮೀಪದ ಬೂದಿಕೋಟೆಯಲ್ಲಿ. ಅವರ ತಂದೆ ಫತೇ ಮುಹಮ್ಮದರ ಸಮಾಧಿ ಇರುವ ಮಕ್ಬರಾ ಇದೇ ಕೋಲಾರದಲ್ಲಿದೆ. ಮುಳಬಾಗಿಲು ವಿಜಯನಗರದವರಿಗೆ ಮೂಡಣದ ಬಾಗಿಲಾಗಿತ್ತು. ಶ್ರೀನಿವಾಸಪುರದ ಸುತ್ತಲಿನ ಮಾವಿನ ತೋಪುಗಳು ನಾಡಿಗೆಲ್ಲ ಪರಿಚಿತ. ಮಾಲೂರು ಹೆಂಚು ಮತ್ತು ಇಟ್ಟಿಗೆಗಳಿಂದ ಹೆಸರಾಯಿತು.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಇವೆಲ್ಲ ಮಳೆ ಬಂದಾಗ ಮಾತ್ರ ನದಿಗಳು. ಹಾಗಿದ್ದರೂ ಇಲ್ಲಿ ಊರುಗಳು ಹುಟ್ಟಿ ಶತಮಾನಗಳ ಕಾಲ ಬಾಳಿದ್ದು ಕೆರೆಗಳಿಂದ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ಅವು ಬಿಡಿ ಬಿಡಿಯಾದ ಹೊಂಡಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ತೆರೆದು ಮುಚ್ಚಿ, ಪ್ರತಿಯೊಂದು ಗದ್ದೆಗೂ ಪಾಲು ಹಂಚಲು ನೀರುಗಂಟಿಯಿದ್ದ. ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು ಊರಿನವರೆಲ್ಲರ ಹೊಣೆಯಾಗಿತ್ತು. ನಗರ ಯೋಜನೆ ಎಂಬ ಶಬ್ದ ಆ ಜನರಿಗೆ ಗೊತ್ತಿರಲಿಲ್ಲ. ಆದರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿದ ಮೇಲೆಯೇ ಅವರು ಮನೆ ಕಟ್ಟುತ್ತಿದ್ದರು. ಇಂದು ನಾವು ಮನೆ ಕಟ್ಟಿ ಮುಗಿಸಿದ ಮೇಲೆ ನೀರಿನ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ಬೆಂಗಳೂರಿನ ನೆರಳು

2001ರ ಜನಗಣತಿಯಲ್ಲಿ ಮಾಲೂರು ಪಟ್ಟಣದಲ್ಲಿ ಸುಮಾರು 28 ಸಾವಿರ ಜನರಿದ್ದರು. 2011ಕ್ಕೆ ಅದು ಸುಮಾರು 40 ಸಾವಿರವಾಯಿತು. ಅದೇ ಹತ್ತು ವರ್ಷಗಳಲ್ಲಿ ಮುಳಬಾಗಿಲು ಸುಮಾರು 44 ಸಾವಿರದಿಂದ 57 ಸಾವಿರಕ್ಕೇರಿತು. ಕೋಲಾರ ನಗರ 1 ಲಕ್ಷ 38 ಸಾವಿರವನ್ನು ತಲುಪಿತು. ಬೆಂಗಳೂರಿಗೆ ದೂರವಾದ ಶ್ರೀನಿವಾಸಪುರ ಮಾತ್ರ 23 ಸಾವಿರದಿಂದ 27 ಸಾವಿರದ ಆಸುಪಾಸಿಗೆ ನಿಧಾನವಾಗಿ ಬಂತು. ಈ ಅಂಕೆಗಳನ್ನು ಒಟ್ಟಿಗೆ ನೋಡಿದರೆ ಕಾರಣ ತಾನಾಗಿಯೇ ಹೊಳೆಯುತ್ತದೆ. ನಮ್ಮ ಊರುಗಳು ಬೆಳೆಯುತ್ತಿರುವುದು ನಮ್ಮ ಮಾವಿನಿಂದಲೋ ರೇಷ್ಮೆಯಿಂದಲೋ ಅಲ್ಲ. ಬೆಂಗಳೂರು ತನ್ನ ಅಂಚನ್ನು ದಾಟಿ ಇತ್ತ ಚಾಚುತ್ತಿದೆ.

ಮಾಲೂರಿಗೆ 1864ರಿಂದಲೇ ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗವಿದೆ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದಿವೆ. ಕೋಲಾರ ಮತ್ತು ಮುಳಬಾಗಿಲುಗಳ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದಿದೆ. ಈಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಕಡೆಯಿಂದ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊರಟಿದೆ. ಕರ್ನಾಟಕದೊಳಗಿನ ಸುಮಾರು 71 ಕಿಲೋಮೀಟರಿನಲ್ಲಿ 2024ರ ಕೊನೆಯಿಂದ ವಾಹನಗಳು ಓಡಾಡುತ್ತಿವೆ. ಉದ್ಯೋಗ ಬಂದರೆ ಸಂತೋಷವೇ. ಹಳ್ಳಿಯ ಹುಡುಗಿ ಕಾರ್ಖಾನೆಯ ಬಸ್ಸು ಹತ್ತಿ ತಿಂಗಳ ಸಂಬಳ ತರುವುದನ್ನು ಅಭಿವೃದ್ಧಿಯಲ್ಲವೆಂದು ಹೇಳುವವರು ನಾವಲ್ಲ. ಆದರೆ ಹೆದ್ದಾರಿ ಬರುವ ಸುದ್ದಿಗೆ ಮುಂಚೆಯೇ ಭೂಮಿಯ ದಲ್ಲಾಳಿ ಬಂದಿರುತ್ತಾನೆ. ಹೊಲ ಎಕರೆಯಿಂದ ಗುಂಟೆಗೆ, ಗುಂಟೆಯಿಂದ ಚದರಡಿಗೆ ಇಳಿಯುತ್ತದೆ. ಕಲ್ಲು ನೆಟ್ಟು, ಕೆಮ್ಮಣ್ಣಿನ ರಸ್ತೆ ಎಳೆದು, ಕಮಾನು ನಿಲ್ಲಿಸಿದರೆ ಬಡಾವಣೆ ಸಿದ್ಧ.

ಬೆಂಗಳೂರು ನಮ್ಮಿಂದ ಕೊಂಡೊಯ್ದದ್ದೂ ಕಡಿಮೆಯಲ್ಲ. ಅದರ ಕಟ್ಟಡಗಳಿಗೆ ಮಾಲೂರಿನ ಇಟ್ಟಿಗೆ ಹೋಯಿತು, ಕೆರೆಯಂಗಳದ ಜೇಡಿಮಣ್ಣು ಹೋಯಿತು, ಹಳ್ಳದ ಮರಳು ಹೋಯಿತು. ಪ್ರತಿಯಾಗಿ ಬಂದದ್ದು ಅದರ ಬಚ್ಚಲ ನೀರು.

ಬಂದ ನೀರು ನಿಲ್ಲುವುದೆಲ್ಲಿ?

ಈ ಮಾತನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ, ಅಂದರೆ ನಾವೆಲ್ಲ ಕೆ.ಸಿ. ವ್ಯಾಲಿ ಎಂದು ಕರೆಯುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಹರಿಸಿ, ಮೊದಲ ಹಂತದಲ್ಲಿ 126 ಕೆರೆಗಳನ್ನು ತುಂಬಿಸುವುದು ಅದರ ಗುರಿ. ಮರುತಿಂಗಳೇ ನೀರಿನಲ್ಲಿ ನೊರೆ ಕಾಣಿಸಿಕೊಂಡಿತು. ಹೈಕೋರ್ಟು ತಡೆಯಾಜ್ಞೆ ನೀಡಿತು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಬಳಿಕ ಯೋಜನೆ ಮುಂದುವರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯವಾದುದು. ಅದೇ ವೇಳೆ ಸಾವಿರ ಅಡಿಗೂ ಆಳಕ್ಕೆ ಕೊರೆದರೂ ನೀರು ಕಾಣದ ಸೀಮೆಯಲ್ಲಿ, ಕೆರೆ ತುಂಬಿದ ಕಡೆ ಕೊಳವೆ ಬಾವಿಗಳಿಗೆ ಜೀವ ಬಂದುದನ್ನೂ ರೈತರು ಕಂಡಿದ್ದಾರೆ.

ಕುಡಿಯುವ ನೀರಿಗಾಗಿ ಕಾದದ್ದು ಇನ್ನೂ ದೀರ್ಘ. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗಾಗಿ ಮಾರ್ಕಂಡೇಯ ನದಿಗೆ ಯರಗೋಳಿನಲ್ಲಿ ಕಟ್ಟಿದ ಅಣೆಕಟ್ಟು ಉದ್ಘಾಟನೆಯಾದದ್ದು 2023ರ ನವೆಂಬರ್‌ನಲ್ಲಿ. ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದದ್ದು 2014ರಲ್ಲಿ. ಅದರ ಮೊದಲ ಹಂತಕ್ಕೆ ಸಕಲೇಶಪುರದ ಬಳಿ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ. ಸಾವಿರಾರು ಕೋಟಿ ರೂಪಾಯಿ ಸುರಿದು, ಗುಡ್ಡ ಕೊರೆದು, ಕೊಳವೆ ಹೂಳಿ ಸರಕಾರ ದೂರದಿಂದ ನೀರು ತರಲು ಹೆಣಗುತ್ತಿದೆ. ನಾವು ಇಲ್ಲಿ ಆ ನೀರು ಹರಿದು ನಿಲ್ಲಬೇಕಾದ ಕಾಲುವೆಯನ್ನೇ ಸೈಟು ಮಾಡಿ ಕೊಳ್ಳುತ್ತಿದ್ದೇವೆ!

ಒಣಗಿದ ಕಾಲುವೆ ಬಂಜರಿನಂತೆ ಕಾಣುತ್ತದೆ. ಇಪ್ಪತ್ತು ವರ್ಷ ನೀರು ಹರಿಯದಿದ್ದರೆ ಮಕ್ಕಳಿಗೆ ಅದು ಕಾಲುವೆ ಎಂಬುದೂ ತಿಳಿಯುವುದಿಲ್ಲ. ಆದರೆ ನೀರಿಗೆ ನೆನಪು ಗಟ್ಟಿ. 2021ರ ನವೆಂಬರ್‌ನಲ್ಲಿ ಎಡೆಬಿಡದೆ ಮಳೆ ಸುರಿದು ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ತಗ್ಗಿನಲ್ಲಿದ್ದವರ ಪಾಡು ಏನಾಯಿತೆಂಬುದು ನಿಮಗೆಲ್ಲ ಗೊತ್ತು. ನೀರು ಯಾರ ಮನೆಗೂ ಅತಿಕ್ರಮಿಸಿ ಬರಲಿಲ್ಲ. ಅದು ತನ್ನ ದಾರಿಯಲ್ಲೇ ಬಂತು, ಆ ದಾರಿಯಲ್ಲಿ ನಮ್ಮ ಮನೆಗಳಿದ್ದವು.

ಅಗ್ಗದ ಸೈಟಿನ ನಿಜವಾದ ಬೆಲೆ

ಅನುಮೋದನೆಯಿಲ್ಲದ ಬಡಾವಣೆಯನ್ನು ಬಡವರೇ ಏಕೆ ಕೊಳ್ಳುತ್ತಾರೆ? ಉತ್ತರ ಸರಳ, ಅದು ಅಗ್ಗ. ಆದರೆ ಅಗ್ಗವಾಗಲು ಕಾರಣವೇನು? ಅನುಮೋದಿತ ಬಡಾವಣೆಯಲ್ಲಿ ಮಾಲಕನು ರಸ್ತೆಗೆ, ಉದ್ಯಾನಕ್ಕೆ, ಶಾಲೆ-ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕು, ಚರಂಡಿ ಕಟ್ಟಬೇಕು, ನೀರಿನ ಕೊಳವೆ ಹಾಕಬೇಕು. ಅನುಮೋದನೆಯಿಲ್ಲದ ಕಡೆ ಇದಾವುದೂ ಇಲ್ಲ. ಕೊಂಡವನು ಉಳಿಸಿದೆನೆಂದುಕೊಂಡ ಹಣವನ್ನು ಮುಂದಿನ ಇಪ್ಪತ್ತು ವರ್ಷ ಟ್ಯಾಂಕರಿಗೆ, ಕೊಳವೆ ಬಾವಿಗೆ, ಡೆಂಗಿ ಜ್ವರದ ಔಷಧಿಗೆ ಕಂತುಗಳಲ್ಲಿ ತೆರುತ್ತಾನೆ. ಅವನಿಗಿಂತ ಹೆಚ್ಚು ತೆರುವವಳು ಅವನ ಪತ್ನಿ. ನೀರು ಬರುವ ಹೊತ್ತನ್ನು ಕಾಯುವವಳು, ಚರಂಡಿಯಿಲ್ಲದ ಬೀದಿಯಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯುವವಳು ಅವಳೇ.

2025ರಲ್ಲಿ ರಾಜ್ಯ ಸರಕಾರವು ನಗರಗಳಲ್ಲಿನ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ ನಡೆಸಿತು. ಅನೇಕರು ತಮ್ಮ ಸೈಟು ಸಕ್ರಮವಾಯಿತೆಂದು ಸಿಹಿ ಹಂಚಿದರು. ಬಿ-ಖಾತಾ ಎಂದರೆ ಆಸ್ತಿ ಲೆಕ್ಕಕ್ಕೆ ಸಿಕ್ಕಿತು, ತೆರಿಗೆ ಕಟ್ಟಬಹುದು ಎಂದಷ್ಟೇ ಅರ್ಥ. ಬಡಾವಣೆಗೆ ಅನುಮೋದನೆ ದೊರೆಯಿತೆಂದೂ ಅಲ್ಲ, ನೀರು-ಚರಂಡಿ ಬಂತೆಂದೂ ಅಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಕೇಳಬೇಕಾದ ಕಾಗದಗಳನ್ನು ಹೇಳುತ್ತೇವೆ, ಬರೆದುಕೊಳ್ಳಿ. ಜಮೀನು ಕೃಷಿಯೇತರ ಉಪಯೋಗಕ್ಕೆ ಪರಿವರ್ತನೆಯಾದ ಆದೇಶ. ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ. ಇ-ಖಾತೆ ಮತ್ತು ಋಣಭಾರ ಪತ್ರ. ಬಡಾವಣೆ 500 ಚದರ ಮೀಟರನ್ನು ಮೀರಿದ್ದರೆ 2016ರ ರೇರಾ ಕಾಯಿದೆಯಡಿ ನೋಂದಣಿ ಸಂಖ್ಯೆ. ಇವುಗಳೊಂದಿಗೆ ಗ್ರಾಮ ನಕ್ಷೆಯನ್ನೂ ತರಿಸಿ ನೋಡಿ. ಕೆರೆ, ಕಾಲುವೆ, ಖರಾಬು, ಬಂಡಿ ದಾರಿ ಎಲ್ಲವೂ ಅದರಲ್ಲಿ ಗುರುತಾಗಿರುತ್ತದೆ. ದಲ್ಲಾಳಿಯ ಬಣ್ಣದ ಕರಪತ್ರದಲ್ಲಿ ಅವಾವುದೂ ಇರುವುದಿಲ್ಲ.

ನಮ್ಮ ಸಮುದಾಯದಲ್ಲಿ ಇನ್ನೊಂದು ಅಭ್ಯಾಸ ಬೆಳೆದಿದೆ. ಬಡಾವಣೆಯಲ್ಲಿ ಮಸೀದಿಗೆ ಜಾಗ ಬಿಟ್ಟಿದ್ದೇವೆ ಎಂದರೆ ಸಾಕು, ನಾವು ಬೇರೆ ಪ್ರಶ್ನೆ ಕೇಳುವುದಿಲ್ಲ. ಮಾರುವವನೂ ಇದನ್ನು ಬಲ್ಲ. ಅಲ್ಲಾಹನ ಮನೆಯ ಹೆಸರನ್ನು ತನ್ನ ಸರಕಿನ ಜಾಹೀರಾತಾಗಿಸಿಕೊಳ್ಳುತ್ತಾನೆ. ಮಸೀದಿಗೆ ಜಾಗವಿದೆ, ಸರಿ. ಖಬರಸ್ಥಾನಕ್ಕೆ ಎಲ್ಲಿದೆ? ಅಂಗನವಾಡಿಗೆ ಎಲ್ಲಿದೆ? ವುಝೂವಿನ ನೀರು ಹೋಗುವುದೆಲ್ಲಿಗೆ? ಐನೂರು ಮನೆಗಳೆದ್ದು ಮೊದಲ ಮಯ್ಯಿತ್ ಹೊರಟಾಗ ದಫನ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆಗ ಅರ್ಜಿ, ವಿವಾದ, ಪೊಲೀಸ್ ಬಂದೋಬಸ್ತು. ಆದಿಯಲ್ಲೇ ನಕ್ಷೆಯಲ್ಲಿ ಕೇಳಿದ್ದರೆ ಅದು ಒಂದು ಗೆರೆಯ ಕೆಲಸವಾಗಿತ್ತು.

ಇಸ್ಲಾಮ್ ಕಲಿಸಿದ ನಗರ

ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಮೊದಲು ಮಸೀದಿಯನ್ನು ಕಟ್ಟಿದರು ಎಂಬುದು ನಮಗೆಲ್ಲ ಗೊತ್ತು. ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ಮರೆಯುತ್ತೇವೆ. ಮುಸ್ಲಿಮರಿಗಾಗಿ ಸುಂಕವಿಲ್ಲದ ಮಾರುಕಟ್ಟೆಯೊಂದನ್ನು ಗೊತ್ತುಪಡಿಸಿದರು. ಕುಡಿಯುವ ನೀರಿಗೆ ಜನರು ಹಣ ತೆರಬೇಕಾಗಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ವಕ್ಫ್ ಎಂಬ ಮಹಾನ್ ವ್ಯವಸ್ಥೆಯ ಆರಂಭದ ಮಾದರಿಗಳಲ್ಲಿ ಅದೂ ಒಂದು. ರಸ್ತೆಯ ಅಗಲದ ಬಗ್ಗೆ ಜಗಳ ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ) ತೀರ್ಪಿತ್ತರು. ದಾರಿಯಲ್ಲಿನ ಮುಳ್ಳನ್ನು ತೆಗೆಯುವುದನ್ನು ವಿಶ್ವಾಸದ ಭಾಗವಾಗಿಸಿದರು. ನೀರಿನ ಮೂಲವನ್ನೂ ದಾರಿಯನ್ನೂ ನೆರಳನ್ನೂ ಹೊಲಸು ಮಾಡುವುದನ್ನು ಶಾಪಗ್ರಸ್ತ ಕೃತ್ಯವೆಂದು ಎಚ್ಚರಿಸಿದರು.

ಹಝ್ರತ್ ಉಮರ್(ರ) ಅವರ ಆಡಳಿತದಲ್ಲಿ, ಹಿಜರಿ 17ರ ಸುಮಾರಿಗೆ ಕೂಫಾ ನಗರವನ್ನು ಕಟ್ಟುವಾಗ ಪ್ರಧಾನ ರಸ್ತೆಗಳಿಗೆ 40 ಮೊಳ, ಅನಂತರದವಕ್ಕೆ 30 ಮತ್ತು 20 ಮೊಳ, ಓಣಿಗಳಿಗೆ 7 ಮೊಳ ಎಂದು ಮೊದಲೇ ನಿಗದಿಪಡಿಸಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಮನೆ ಕಟ್ಟುವ ಮುನ್ನ ರಸ್ತೆ! ಹದಿನಾಲ್ಕು ಶತಮಾನಗಳ ಬಳಿಕ ನಮ್ಮ ಮೊಹಲ್ಲಾಗಳಿಗೆ ಆಂಬುಲೆನ್ಸ್ ಬರುವುದಿಲ್ಲ, ಜನಾಝಾ ಹೊತ್ತವರು ಓಣಿಯಲ್ಲಿ ಓರೆಯಾಗಿ ನಡೆಯಬೇಕು.

ಇನ್ನೊಂದು ಘಟನೆ ವಿಶೇಷವಾಗಿ ಚಿಂತನೀಯ. ಬನೂ ಸಲಿಮಾ ಗೋತ್ರದವರು ಮದೀನಾದ ಹೊರವಲಯದಲ್ಲಿದ್ದರು. ಮಸೀದಿಯ ಸಮೀಪಕ್ಕೆ ಬಂದು ನೆಲೆಸಲು ಬಯಸಿದರು. ನಗರದ ಅಂಚು ಬರಿದಾಗುವುದನ್ನು ಪ್ರವಾದಿ(ಸ) ಇಷ್ಟಪಡಲಿಲ್ಲ. ಇದ್ದಲ್ಲೇ ಇರಿ, ನಡೆದು ಬರುವ ನಿಮ್ಮ ಹೆಜ್ಜೆಗಳಿಗೆ ಪ್ರತಿಫಲವಿದೆ ಎಂಬ ಆಶಯದಿಂದ ಅವರನ್ನು ತಡೆದರು. ಎಲ್ಲರೂ ಒಂದೇ ಮಸೀದಿಯ ಸುತ್ತ, ಒಂದೇ ಮೊಹಲ್ಲಾದಲ್ಲಿ ಕಿಕ್ಕಿರಿಯುವುದು ಧಾರ್ಮಿಕತೆಯೆಂದು ಭಾವಿಸುವ ನಮಗೆ ಇದರಲ್ಲಿ ದೊಡ್ಡ ಪಾಠವಿದೆ.

ನಾವು ಕಿಕ್ಕಿರಿಯಲು ನಮ್ಮ ಇಚ್ಛೆಯೊಂದೇ ಕಾರಣವಲ್ಲ ಎಂಬುದೂ ಸತ್ಯ. ಹೆಸರು ಕೇಳಿ ಬಾಡಿಗೆ ಮನೆ ಇಲ್ಲವೆನ್ನುವವರಿದ್ದಾರೆ. ಗಲಭೆಯ ಭಯವೂ ಜನರನ್ನು ಒತ್ತೊತ್ತಾಗಿ ಕೂಡಿಸುತ್ತದೆ. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂಲಸೌಕರ್ಯಗಳು ಹಿಂದುಳಿದಿವೆ ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ನೀಡಿತು. ಅದೇ ವರದಿಯ ಪ್ರಕಾರ 2001ರಲ್ಲಿ ದೇಶದ ಒಟ್ಟು ಜನರಲ್ಲಿ ಶೇ. 27.8ರಷ್ಟು ಮಂದಿ ನಗರವಾಸಿಗಳಾಗಿದ್ದರೆ ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 35.7. ಅಂದರೆ ನಗರ ಕೆಟ್ಟರೆ ಮೊದಲು ಕೆಡುವುದು ನಮ್ಮ ಬದುಕು. ಆದರೆ ಚರಂಡಿಯಿಲ್ಲದ ಬೀದಿಯಲ್ಲಿ ನಮ್ಮ ಪಕ್ಕದಲ್ಲೇ ದಲಿತ ಸಹೋದರನಿದ್ದಾನೆ, ಹಳ್ಳಿಯಿಂದ ಬಂದ ಕೂಲಿಕಾರನಿದ್ದಾನೆ. ಈ ಬೇಡಿಕೆ ಮುಸ್ಲಿಮರದ್ದು ಮಾತ್ರವಾಗಬಾರದು, ಬೀದಿಯದ್ದಾಗಬೇಕು.

ಮಾಡಬೇಕಾದ ಕೆಲಸ

ಮೊದಲನೆಯದು, ನಕ್ಷೆಯನ್ನು ಓದುವುದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದ್ದು. ಅದರಂತೆ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು. ಅದಕ್ಕೆ 60 ದಿನಗಳ ಅವಕಾಶವಿದೆ. ಯಾವ ಬೀದಿ ಅಗಲವಾಗಲಿದೆ, ಯಾವ ಹೊಲ ವಸತಿ ವಲಯವಾಗಲಿದೆ, ಎಲ್ಲಿ ಉದ್ಯಾನ, ಎಲ್ಲಿ ಸ್ಮಶಾನ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆ 60 ದಿನ ನಾವು ಮೌನವಾಗಿದ್ದು, ಹತ್ತು ವರ್ಷಗಳ ಬಳಿಕ ಜೆಸಿಬಿ ಬಂದಾಗ ಬೀದಿಗಿಳಿದರೆ ಪ್ರಯೋಜನವೇನು? ಪ್ರತಿ ಮಸೀದಿಯ ಆಡಳಿತ ಸಮಿತಿಯು ಇಂಜಿನಿಯರ್ ಅಥವಾ ವಕೀಲ ವೃತ್ತಿಯ ಇಬ್ಬರು ಯುವಕರಿಗೆ ಈ ಹೊಣೆ ಒಪ್ಪಿಸಲಿ.

ಎರಡನೆಯದು, ವಾರ್ಡು. ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಹೆಚ್ಚು ಜನರಿರುವ ನಗರಗಳಲ್ಲಿ ಮಾತ್ರ ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿತು. 2011ರ ಗಣತಿಯಲ್ಲಿ ನಮ್ಮ ನಾಲ್ಕು ಊರುಗಳಲ್ಲಿ ಯಾವುದೂ ಆ ಮಿತಿಯ ಹತ್ತಿರಕ್ಕೂ ಬಂದಿರಲಿಲ್ಲ. ಆದ್ದರಿಂದ ಎಲ್ಲ ಧರ್ಮದ ನೆರೆಹೊರೆಯವರನ್ನು ಸೇರಿಸಿ ಸಮಿತಿಯನ್ನು ನಾವೇ ಮಾಡಿಕೊಳ್ಳಬೇಕು. ಮತ ಕೇಳಲು ಬಂದವರನ್ನು ನಮ್ಮವನೇ, ಅವರವನೇ ಎಂದು ಕೇಳುವ ಬದಲು, ಈ ಬೀದಿಯ ಚರಂಡಿ ಯಾವ ಕಾಲುವೆಗೆ ಸೇರುತ್ತದೆ ಹೇಳು ಎಂದು ಕೇಳಿ. ತಳ್ಳುಗಾಡಿಯವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿರಬೇಕು.

ಮೂರನೆಯದು, ವಕ್ಫ್. 2025ರ ತಿದ್ದುಪಡಿ ಕಾಯಿದೆಯ ಬಳಿಕ ದಾಖಲೆ ಸರಿಯಿಲ್ಲದ ಆಸ್ತಿಯನ್ನು ಉಳಿಸಿಕೊಳ್ಳುವುದು ಮತ್ತಷ್ಟು ಕಠಿಣವಾಗಿದೆ. ಅದರ ವಿರುದ್ಧ ಕಾನೂನು ಹೋರಾಟ ನಡೆಯಲಿ. ಜತೆಗೇ, ಕೈಯಲ್ಲಿ ಉಳಿದಿರುವ ವಕ್ಫ್ ಭೂಮಿಯಲ್ಲಿ ನಾಲ್ಕು ಅಂಗಡಿ ಕಟ್ಟಿ ಅಲ್ಪ ಬಾಡಿಗೆಗೆ ಬಿಡುವುದರ ಹೊರತು ಬೇರೇನು ಮಾಡಿದ್ದೇವೆ ಎಂದು ಯೋಚಿಸೋಣ. ಹೆಣ್ಣುಮಕ್ಕಳಿಗೊಂದು ಗ್ರಂಥಾಲಯ, ಒಂದು ಚಿಕಿತ್ಸಾಲಯ, ಎಲ್ಲರಿಗೂ ಶುದ್ಧ ನೀರಿನ ಘಟಕ ಏಕೆ ಬೇಡ? ಮಸೀದಿಯ ತಾರಸಿಯ ಮಳೆ ನೀರನ್ನೂ ವುಝೂವಿನ ನೀರನ್ನೂ ಇಂಗುಗುಂಡಿಗೆ ಹರಿಸುವುದಕ್ಕೆ ಯಾವ ಸರಕಾರದ ಅಪ್ಪಣೆ ಬೇಕು?

ಕೊನೆಯದು ಮತ್ತು ಮುಖ್ಯವಾದದ್ದು, ನಮ್ಮ ವ್ಯವಹಾರ. ಭೂ ದಲ್ಲಾಳಿಗಳು ನಮ್ಮ ಸಮುದಾಯದಲ್ಲೂ ಇದ್ದಾರೆ, ಮೊದಲ ಸಫ್ಫಿನಲ್ಲಿ ನಿಲ್ಲುವವರೂ ಇದ್ದಾರೆ. ಸರಕಿನ ದೋಷವನ್ನು ಮರೆಮಾಚಿ ಮಾರುವುದನ್ನು ಇಸ್ಲಾಮ್ ವಂಚನೆಯೆಂದು ಪರಿಗಣಿಸುತ್ತದೆ. ಅನ್ಯಾಯವಾಗಿ ಗೇಣು ನೆಲ ಕಬಳಿಸಿದವನ ಕೊರಳಿಗೆ ಅಂತ್ಯದಿನದಂದು ಏಳು ಭೂಮಿಗಳ ಭಾರ ಬೀಳುವುದೆಂಬ ಪ್ರವಾದಿ(ಸ)ಯವರ ಎಚ್ಚರಿಕೆಯನ್ನು ನಾವು ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಮಾತ್ರ ನೆನೆಯುತ್ತೇವೆ. ಕೆರೆಯ ನೆಲ, ಕಾಲುವೆಯ ನೆಲ ಯಾರೊಬ್ಬರದ್ದೂ ಅಲ್ಲ, ಅದು ಊರಿನದ್ದು. ಇನ್ನೂ ಹುಟ್ಟದ ಮಕ್ಕಳೂ ಅದರ ಪಾಲುದಾರರು. ಅದನ್ನು ಮಾರುವವನು ಸಾವಿರ ಜನರ ಪಾಲನ್ನು ಕದ್ದವನು. ತಿಳಿದೂ ಕೊಳ್ಳುವವನು ಅದರಲ್ಲಿ ಸಹಭಾಗಿ. ಅಲ್ಲಿ ಮಸೀದಿ ಕಟ್ಟಿದರೆ ನೆಲ ಪವಿತ್ರವಾಗುವುದಿಲ್ಲ; ಕಸಿದ ನೆಲದ ಮೇಲೆ ಮಸೀದಿ ಕಟ್ಟುವ ಅನುಮತಿಯೇ ನಮ್ಮ ಧರ್ಮದಲ್ಲಿಲ್ಲ. ಆದರೆ ತಿಳಿಯದೆ ಕೊಂಡು ಸಿಕ್ಕಿಬಿದ್ದ ಬಡ ಕುಟುಂಬಗಳ ಪ್ರಶ್ನೆ ಬೇರೆ. ತೆರವು ಅನಿವಾರ್ಯವಾದರೆ ಬದಲಿ ನಿವೇಶನ ಕೊಡುವುದು ಸರಕಾರದ ಹೊಣೆ. ಮಾರಿದವನನ್ನು ಬಿಟ್ಟು ಕೊಂಡವನ ಗೋಡೆಯನ್ನಷ್ಟೇ ಕೆಡವುವುದು ನ್ಯಾಯವಲ್ಲ.

ಸಹೋದರರೇ, ನಮ್ಮ ನೆರೆಯ ಕೆ.ಜಿ.ಎಫ್. ಒಂದು ಕಾಲದಲ್ಲಿ ಇಡೀ ನಾಡಿಗೆ ಬೆರಗಾಗಿತ್ತು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತ್ತು. 2001ರಲ್ಲಿ ಗಣಿ ಮುಚ್ಚಿದ ಬಳಿಕ ಅಲ್ಲಿಯ ಜನ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಹೊರಗಿನ ಒಂದೇ ಗಳಿಕೆಯನ್ನು ನಂಬಿ ಬೆಳೆದ ಊರು ಆ ಗಳಿಕೆ ನಿಂತ ದಿನವೇ ಕುಸಿಯುತ್ತದೆ. ಇಂದು ನಮ್ಮ ಊರುಗಳಲ್ಲಿ ಚಿನ್ನದ ಸ್ಥಾನಕ್ಕೆ ಸೈಟು ಬಂದಿದೆ. ಸೈಟಿನ ದರ ನಾಳೆ ಇಳಿಯಬಹುದು, ಕಾರ್ಖಾನೆ ಬೇರೆಡೆಗೆ ಹೋಗಬಹುದು. ಕೆರೆ, ರಸ್ತೆ, ಶಾಲೆ, ನೆರೆಹೊರೆಯ ಪ್ರೀತಿ ಇವು ಉಳಿದಿದ್ದರೆ ಊರು ಉಳಿಯುತ್ತದೆ.

ಭೂಮಿಯನ್ನು ಸುಸ್ಥಿತಿಗೆ ತಂದ ಮೇಲೆ ಅದರಲ್ಲಿ ಕ್ಷೋಭೆ ಹರಡದಿರುವ ಜನರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ನಮ್ಮ ಗಳಿಕೆಯನ್ನೂ ನೆಲೆಯನ್ನೂ ಹಲಾಲ್ ಆಗಿಸಲಿ. ಆಮೀನ್.